ಬ್ರಾಬಂಟಿನ ಮತ

ಶವಪೆಟ್ಟಿಗೆ ವಾಹನದಿಂದ ಅರ್ಧ ಹೊರಬಂದಿತ್ತಷ್ಟೆ, ಮಹಾಬಲೇಶ್ವರ ನುಗ್ಗಿ ಬಂದು ಮುಂದಿನ ಬಲಮೂಲೆಗೆ ಹೆಗಲು ಕೊಟ್ಟ. ಎಡಮೂಲೆಯನ್ನು ಜಯದೇವ ಆಗಲೇ ಹಿಡಿದಿದ್ದ. ತೀರಿಕೊಂಡ ಖಾಜಾನ ಸ್ವಂತ ತಮ್ಮ ಹಿಂದಕ್ಕೆ ಸರಿಯಬೇಕಾಯಿತು.

"ಒಂದ್ನಿಮಿಷ ಹಾಗೇ ನಿಲ್ಲಿ," ಎಂದ ಮಹಾಬಲೇಶ್ವರ. ಯಾರೋ ಮುಂದೆ ಓಡಿ ಫೋಟೋ ತೆಗೆದರು.

ಇಡೀ ಡಚ್ ನಾಡಿನ ಕನ್ನಡ ಕೂಟಕ್ಕೆ ಮಹಾಬಲೇಶ್ವರ ಆರು ವರ್ಷದಿಂದ ಅಧ್ಯಕ್ಷ. ಈ ಸಲ ಅವನ ಬಣದವನೇ ಆದ ಜಯದೇವ ಎದುರು ನಿಂತಿದ್ದ. ಇಬ್ಬರಲ್ಲಿ ಬಣದ ಅಭ್ಯರ್ಥಿ ಯಾರೆಂದು ಮೊದಲು ಒಂದೊಂದು ಪ್ರಾಂತ್ಯದ ಸದಸ್ಯರೂ ಮತ ಹಾಕಿ ಆರಿಸಬೇಕು. ಐಂಡ್‌ಹೋವನ್ ಊರಿರುವ ಈ ಬ್ರಾಬಂಟ್ ಪ್ರಾಂತ್ಯದ ಮತದಾನ ಮರುದಿನವೇ. ಖಾಜಾನ ಬಂಧುಬಳಗದ್ದೇ ಮೂವತ್ತು ಮತಗಳಿದ್ದವು.

"ಅಮ್ಮಿ, ಫೋಟೋ ತೆಗೀತಿದಾರೆ. ಹೋಗಿ stop ಮಾಡಿಸ್ಲಾ?" ಖಾಜಾನ ಮಗಳು ರುಮಾನಾ ಕೇಳಿದಳು.

"ಬ್ಯಾಡ," ಎಂದಳು ಖಾಜಾನ ಹೆಂಡತಿ ತಲತ್. "ಮೊದ್ಲು ಅಬ್ಬಾನ್ನ ನೆಟ್ಟಗ ಕೆಳಗಿಡಲಿ."

*

ಸಿಂಧನೂರಿನ ಖಾಜಾ ಇಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಹನ್ನೊಂದು ವರ್ಷ, ಪ್ರತಿ ಶನಿವಾರ, ಕೂಟದ ಮಕ್ಕಳಿಗೆ ಕನ್ನಡ ಕಲಿಸಿದ. ಎರಡು ವರ್ಷದ ಹಿಂದೆ ಒಮ್ಮೆ ಮಾತ್ರ, ಕಾರ್ಯಕಾರಿ ಸಮಿತಿಗೆ ನಿಲ್ಲಲೇ ಎಂದು ಕೇಳಿದ್ದ.

"ನಿಮ್ ಕನ್ನಡ ನನ್ಗಿಂತ ಚೆನ್ನಾಗಿದೆ ಖಾಜಾ," ಎಂದಿದ್ದ ಮಹಾಬಲೇಶ್ವರ. "ಆದ್ರೆ ಸ್ಟೇಜ್ ಮೇಲೆ ನಿಮ್ ಹೆಸ್ರು ಅಂದ್ರೆ... ಜನ ಏನಾದ್ರೂ ಅಂತಾರೆ. Next time ನೋಡೋಣ."

ಪಕ್ಕದಲ್ಲಿದ್ದ ಜಯದೇವ ಫೋನಿನಿಂದ ತಲೆ ಎತ್ತಲಿಲ್ಲ.

"ಆಯ್ತು ಸರ್," ಎಂದು ಖಾಜಾ ಮನೆಗೆ ಬಂದಿದ್ದ. ಆ ಸಂಜೆ ಊಟ ಮಾಡಲಿಲ್ಲ. ಮುಂದಿನ ಶನಿವಾರ ಯಥಾಪ್ರಕಾರ ಒತ್ತಕ್ಷರದ ಪಾಠಕ್ಕೆ ಹೋದ.

*

ಮಣ್ಣು ಮುಗಿದ ಮೇಲೆ ಮಹಾಬಲೇಶ್ವರ ತಲತ್ ಹತ್ತಿರ ಬಂದ. ಟಿಶ್ಯೂವಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ.

"ಅವ್ರ ಹೆಸರಲ್ಲಿ ಒಂದು ಪ್ರಶಸ್ತಿ ಇಡ್ತೀವಿ, ತಲತ್ ಅವ್ರೇ. ನಾಳೆ ನಿಮ್ ಕಡೆಯವ್ರು ಬರ್ತಾರಲ್ವಾ?"

ತಲತ್ ಆ ಟಿಶ್ಯೂವನ್ನು ನೋಡಿದಳು. ಆದರೂ ದನಿ ಏರಿಸಲಿಲ್ಲ.

"ಅವ್ರ ಕೈಯಾಗ ಎಷ್ಟು ಹುಡುಗ್ರು ಅಕ್ಷರ ಕಲಿತ್ರು, ಗೊತ್ತೇನ್ರಿ ನಿಮಗ?"

ಅವನು ಇನ್ನೊಂದು ಬೆರಳು ಒರೆಸಿಕೊಂಡ.

"ನಿಮ್ಮ ಮಗಳೂ ಒಬ್ಬಾಕಿ. ಆಕಿ ಬಂದಾಳ, ಅಲ್ಲಿ ಅಳಾಕ ಹತ್ಯಾಳ. ನೀವಿನ್ನ ಹೊಂಡ್ರಿ."

ಮಹಾಬಲೇಶ್ವರ ಟಿಶ್ಯೂ ಮುದುರಿಕೊಂಡು ಜಯದೇವ ಎಲ್ಲಿದ್ದಾನೆಂದು ನೋಡಿದ. ಅವನು ಗೇಟಿನ ಬಳಿ ಖಾಜಾನ ತಮ್ಮನ ಕೈ ಹಿಡಿದು ಮಾತಾಡುತ್ತಿದ್ದ. ಅಧ್ಯಕ್ಷ ಆ ಕಡೆಗೆ ಬಿರಬಿರನೆ ನಡೆದ.

ಅಮ್ಮ, ಮಗಳು ಕಾರಿನ ಹತ್ತಿರ ಬರುವಾಗ ಸ್ಮಶಾನದ ಮುದಿ ಮಾಲಿ ಎದುರಾದ. ನಿಂತಿದ್ದ ಕಾರುಗಳ ಗಾಜಿಗೆಲ್ಲ ಯಾರೋ ಕರಪತ್ರ ಸಿಕ್ಕಿಸಿ ಹೋಗಿದ್ದರು. ಅದರಲ್ಲಿ ಮಹಾಬಲೇಶ್ವರ ಕೈಮುಗಿದು ನಗುತ್ತಿದ್ದ. ತೀರಿಕೊಂಡವರ ಚಿತ್ರವಿರುವ ಕಾರ್ಡು ಹಂಚುವುದು ಈ ಕಡೆಯ ವಾಡಿಕೆ. ಕೆಳಗೆ ಬಿದ್ದಿದ್ದ ಒಂದು ಕರಪತ್ರವನ್ನು ಅಂಥದೇ ಕಾರ್ಡು ಎಂದುಕೊಂಡು ಮಾಲಿ ಎತ್ತಿ, ಅಂಗಿಯ ತೋಳಿನಿಂದ ಕೆಸರು ಒರೆಸಿದ್ದ.

"ಎಷ್ಟು ಸೌಮ್ಯ ಮುಖ," ಎಂದ ಡಚ್‌ನಲ್ಲಿ, ಮೆಲ್ಲಗೆ.

ಟೋಪಿ ತೆಗೆದು, ತಲೆಬಾಗಿಸಿ, ಅದನ್ನು ಎರಡೂ ಕೈಗಳಿಂದ ತಲತ್‌ಳ ಮುಂದೆ ಹಿಡಿದು ನಿಂತ.