ತೌಡು ಕೊಟ್ಟು ತಂದ ಮಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕೊಟ್ಟೂರಿಗೆಲ್ಲ ಗೊತ್ತು. ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಮಿರ್ಚಿ-ಮಂಡಕ್ಕಿ ಅಂಗಡಿ. "ಹಂಪಕ್ಕನ ಎಣ್ಣಿಗಿಂತ ಬಾಯೇ ಬಿಸಿ" ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಂಥ ನಾನೂ ಒಬ್ಬಳಿಗೆ ಕೈ ಮುಗಿಯುತ್ತೇನೆ. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗಂಗಾಂಬಿಕಾ.

ಅವಳ ಮಗಳು ವಾಣಿಶ್ರೀಗೆ ಹದಿನಾರು ವರ್ಷ. ಬೆಳಿಗ್ಗೆ "ನಮ್ಮವ್ವ ದೇವರು" ಎನ್ನುವಳು, ಸಂಜೆಗೆ "ನೀನು ನನ್ನ ತಾಯಿನೇ ಅಲ್ಲ" ಎನ್ನುವಳು. ಗೆಳತಿ ಶೈಲಾ ಒಂದು ಸಲ ಫೋನ್ ಎತ್ತದಿದ್ದರೆ ಲೋಕವೇ ತನ್ನನ್ನು ಬಿಟ್ಟಿತೆಂದು ಊಟ ಬಿಡುವಳು. "ಒಳಗ ಏನೂ ಇಲ್ಲವ್ವ, ಬರೇ ಖಾಲಿ" ಎಂದು ಅಳುವಳು. ಹೋದ ವರ್ಷ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಳು. ಊರವರು ಬಿಡುತ್ತಾರೆಯೇ? ಒಬ್ಬರು ಗಾಳಿ ಸೋಕಿದೆ ಎಂದರು, ಇನ್ನೊಬ್ಬರು ಮದುವೆ ಮಾಡಿರಿ ಎಂದರು. ಗಂಗಾಂಬಿಕಾ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮಗಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದಳು.

"ಹರೇದಾಗ ಮನಸ್ಸು ಏರಿಳಿಯೋದು ಸಹಜ, ಇಕಿದು ಅದಕ್ಕಿಂತ ಜಾಸ್ತಿ ಐತಿ. ಬಾರ್ಡರ್‌ಲೈನ್ ವ್ಯಕ್ತಿತ್ವದ ಲಕ್ಷಣ ಅಂತೀವಿ, ಆದ್ರ ಆ ಹೆಸರು ಹಚ್ಚಾಕ ಅವಸರ ಬ್ಯಾಡ," ಎಂದರಂತೆ ಡಾಕ್ಟರಮ್ಮ. "ನಾಟಕ ಮಾಡ್ತಾಳ ಅನ್ನಬ್ಯಾಡ್ರಿ. ಯಾರರ ಬಿಟ್ಟು ಹೋಗ್ತಾರಂದ್ರ ಅಕಿಗೆ ಖರೇನ ಜೀವ ಹೋದಂಗ ಆಕ್ಕೈತಿ. ತಡಕೊಳ್ಳೋದನ್ನ ಕಲಿಸಬೌದು."

ಅಂದಿನಿಂದ ವಾರವಾರ ತಾಯಿ-ಮಗಳು ಆಸ್ಪತ್ರೆಯ ಬಸ್ಸು ಹತ್ತುತ್ತಾರೆ. ಮಗಳು ಕೂಗಾಡಿದರೆ ಗಂಗಾಂಬಿಕಾ ವಾದಕ್ಕಿಳಿಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. "ನಿನಗ ಭಾಳ ಸಂಕಟ ಆಗೈತಿ. ನಾ ಇಲ್ಲೇ ಅದೀನಿ" ಎಂದು ಪಕ್ಕದಲ್ಲಿ ಕೂರುತ್ತಾಳೆ. ಎಂಥ ತಾಳ್ಮೆ ಅದು. ನಾನಾಗಿದ್ದರೆ ಮಿರ್ಚಿ ಕರಿಯುವ ಜಾರಾ ಹಿಡಿದುಕೊಂಡು ಎದ್ದಿರುತ್ತಿದ್ದೆ.

ಮೊನ್ನೆ ಭಾನುವಾರ ತವರೂರು ತೆಲಿಗಿಯಲ್ಲಿ ಗಂಗಾಂಬಿಕಾಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. "ಸಂಜಿ ಬಸ್ಸಿಗೆ ಬಂದಬಿಡ್ತೀನಿ" ಎಂದು ಮಗಳಿಗೆ ಹೇಳಿ, ಅವಳನ್ನು ನಮ್ಮ ಹತ್ತಿರ ಬಿಟ್ಟು ಹೊರಟಳು. ಹುಡುಗಿ ಹಲ್ಲು ಕಚ್ಚಿ ತಲೆಯಾಡಿಸಿತು. ನಮ್ಮ ಮನೆಯವರು, ಪಾಪ, ಅವಳನ್ನು ನಗಿಸಲು ಹೋದರು.

"ಯಾಕ ಮುಖ ಸಣ್ಣ ಮಾಡೀಯವ್ವ? ತೌಡು ಕೊಟ್ಟು ತಂದಾಕಿ ನೀನು. ಆ ತೌಡು ವಾಪಸ್ ಕೇಳಾಕ ಹೋಗ್ಯಾಳ ನಿಮ್ಮವ್ವ."

ನಮ್ಮ ಕಡೆ, ನೀನು ಹೆತ್ತ ಮಗುವಲ್ಲ, ತೌಡಿಗೆ ಕೊಂಡದ್ದು ಎನ್ನುವ ಈ ಚೇಷ್ಟೆ ಕೇಳದೆ ಬೆಳೆದ ಮಗುವಿಲ್ಲ. ವಾಣಿಶ್ರೀ ನಗಲಿಲ್ಲ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಗಂಗಾಂಬಿಕಾಳ ಫೋನು ಹತ್ತಲಿಲ್ಲ. ಬಾಗಿಲು ಒದೆಯಲು ಕಾಲೆತ್ತಿದವಳು, ಅವಳಾಗಿದ್ದರೆ ಏನು ಮಾಡುತ್ತಿದ್ದಳೆಂದು ನೆನೆದು ಹೊಸ್ತಿಲ ಮುಂದೆ ಕುಳಿತೆ.

"ವಾಣಿ, ಆ ಮಾತು ನಿನಗ ಚುಚ್ಚೇತಿ. ನಾ ಇಲ್ಲೇ ಅದೀನಿ."

"ಎಲ್ಲಾರಿಗಿಂತ ನೀನೇ ಕೆಟ್ಟಾಕಿ, ದೊಡ್ಡವ್ವ. ಹೋಗ್."

"ಬೈಯವ್ವ. ಎದ್ದು ಹೋಗಾಕಿ ಅಲ್ಲ ನಾನು."

ನಮ್ಮ ಮನೆಯವರು "ನಾವೆಲ್ಲ ಇದನ್ನ ಕೇಳೇ ಬೆಳದೀವಲ್ಲ" ಎಂದು ಗೊಣಗಿದರು. "ನೀವು ಸುಮ್ಕ ಇರ್ರಿ" ಎಂದೆ. ಒಳಗೆ ಏನೋ ಬಿದ್ದು ಒಡೆಯಿತು. ಆಮೇಲೆ ಸದ್ದೇ ಇಲ್ಲ. ಅದು ಬೈಗುಳಕ್ಕಿಂತ ಕೆಟ್ಟದ್ದು.

"ವಾಣಿ, ಕೈಗೆ ಏನರ ಮಾಡ್ಕೋಬೇಕು ಅನಸಾಕತ್ತೈತೇನು?" ಬಾಯಿಬಿಟ್ಟೇ ಕೇಳಿದೆ.

ಚಿಲಕ ಸರಿಯಿತು. ಅತ್ತು ಕೆಂಪಾದ ಮುಖ.

"ಹೂಂ ದೊಡ್ಡವ್ವ. ಮಾಡ್ಕೊಂಡಿಲ್ಲ. ಆದ್ರ ನನಗ ನನ್ನ ಮ್ಯಾಲ ನಂಬಿಕಿ ಇಲ್ಲ. ಹಿಡಕೋ."

ಬಿರುಬಿಸಿಲಲ್ಲೂ ಅಂಗಿಯ ಉದ್ದ ತೋಳಿನೊಳಗೆ ಮುಚ್ಚಿಡುತ್ತಿದ್ದ ಕೈಯನ್ನು, ತೋಳು ಸರಿಸಿ, ತಾನಾಗಿ ನನ್ನ ಮುಂದೆ ಚಾಚಿದಳು.