ಹುಲಿ ಏಳುವ ತನಕ

ಹುಲಿ ದಾರಿಗೆ ಅಡ್ಡವಾಗಿ ಮಲಗಿಬಿಟ್ಟಿತ್ತು. ಸಫಾರಿ ಬಸ್ಸಿನ ಡ್ರೈವರ್ ಇಂಜಿನ್ ಆರಿಸಿ, ಅದು ತಾನಾಗಿ ಏಳುವ ತನಕ ಕಾಯಬೇಕು, ಯಾರೂ ಸೀಟು ಬಿಟ್ಟು ಏಳಬಾರದು ಎಂದ. ಎಲ್ಲರೂ ತಂತಿಯ ಜಾಳಿಗೆಯ ಕಿಟಕಿಗೆ ಮೊಬೈಲು ಹಿಡಿದರು. ಮಲ್ಲಕ್ಕ ಹುಲಿಯನ್ನು ಒಮ್ಮೆ ನೋಡಿ, ಪಕ್ಕದಲ್ಲಿ ಕೂತ ಮಗ ಸಿದ್ಧಾರೂಢನ ಕಡೆ ತಿರುಗಿದಳು.

ಸಂಶಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಸಿದ್ಧಾರೂಢ ಕೆಟ್ಟವನಲ್ಲ. ಅವ್ವನ ಗುಳಿಗೆ ತರುವುದನ್ನು ಎಂದೂ ಮರೆತವನಲ್ಲ. ಆದರೆ ದೀಪಾವಳಿಯಿಂದ ಈಚೆಗೆ ಅವಳು ಒಂದು ಮಾತು ಎತ್ತಿದರೆ ಸಾಕು, ಊಟಕ್ಕೆ ಕೂತಿದ್ದರೆ ಕೈತೊಳೆದು ಏಳುತ್ತಿದ್ದ; ಕಟ್ಟೆಯ ಮೇಲಿದ್ದರೆ ಚಪ್ಪಲಿ ಮೆಟ್ಟುತ್ತಿದ್ದ. ಬಮ್ಮಿಗಟ್ಟಿಗೆ ಕೊಟ್ಟ ಹಿರಿಮಗಳು ಹುಬ್ಬಳ್ಳಿಯ ಖಾನಾವಳಿಗಳಿಗೆ ರೊಟ್ಟಿ ಬಡಿದು ಕಳಿಸುವ ಕೆಲಸ ಶುರುಮಾಡಿದ್ದಳು. ಮಲ್ಲಕ್ಕ ಅಲ್ಲಿಗೆ ಹೋಗಿ ಇರಬೇಕೆಂದಿದ್ದಳು. ಸೊಸೆ ಸುನಿತಾಳಿಂದ ಹೇಳಿಸಿದ್ದೂ ಆಗಿತ್ತು.

"ಬಮ್ಮಿಗಟ್ಟಿಗೆ ಹೋಗತೇನಿ," ಎಂದಳು ಮಲ್ಲಕ್ಕ.

ಸಿದ್ಧಾರೂಢ ಎದ್ದ. ಡ್ರೈವರ್ ಕನ್ನಡಿಯಲ್ಲೇ ನೋಡಿ ಗದರಿದ. ಕೂತ.

"ಇಲ್ಲೂ ಅದ ಏನ್ಬೇ? ಹುಲಿ ನೋಡು."

"ಹುಲಿ ನೋಡಿದ್ನಿ. ನೀ ನನ್ನ ನೋಡು."

ಮುಂದಿನ ಸೀಟಿನಲ್ಲಿದ್ದ ಸುನಿತಾ ತಿರುಗಲಿಲ್ಲ. ಮಗ ಅವ್ವನನ್ನು ಹೊರಗೆ ಹಾಕಿದ ಎಂದು ಮಂದಿ ಆಡಿಕೊಳ್ಳುವುದಿಲ್ಲವೇ ಎಂದು ಅವನು ಪಿಸುಗುಟ್ಟಿದ. ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದ. ಏನೂ ಕಡಿಮೆಯಾಗಿಲ್ಲ, ಆದರೆ ಹಿತ್ತಲಿನ ಬಳ್ಳಿಗೆ ನೀರು ಹಾಕಹೋದರೂ ಕೈಯಿಂದ ಕೊಡ ಕಸಿದುಕೊಳ್ಳುತ್ತಾರೆ ಎಂದಳು ಮಲ್ಲಕ್ಕ.

"ಮುಂಜಾನಿಂದ ಸಂಜೀತನಕ ಕುಂದ್ರಸ್ತೀರಿ. ನಾ ಇನ್ನೂ ಗಟ್ಟಿ ಅದೇನಿ ಲೇ. ಕೈಗೆ ಕೆಲಸ ಬೇಕು ನನಗ."

ಹುಲಿ ಆಕಳಿಸಿ, ತಲೆಯನ್ನು ಇನ್ನೊಂದು ಮಗ್ಗುಲಿಗೆ ಇಟ್ಟಿತು. ಸಿದ್ಧಾರೂಢ ಬೇಸರದಿಂದ ಅದನ್ನೇ ನೋಡಿದ. ಆಮೇಲೆ, ಅಕ್ಕ ಏನಂದಳು ಎಂದು ಕೇಳಿದ. ಬಾ ಅಂದಳು ಎಂದಳು ಮಲ್ಲಕ್ಕ.

ಕೊನೆಗೆ ಹುಲಿ ಎದ್ದು ಪೊದೆಯೊಳಗೆ ಹೋಯಿತು. ಬಸ್ಸು ಗೇಟಿಗೆ ಬಂದು ನಿಂತದ್ದೇ ಸಿದ್ಧಾರೂಢ ಎಲ್ಲರಿಗಿಂತ ಮೊದಲು ಇಳಿದು, ಹಿಂದೆ ನೋಡದೆ ನಡೆದ. ಮಲ್ಲಕ್ಕನಿಗೆ ರೋಸಿಹೋಯಿತು. ಸುನಿತಾ ಚಹಾ ಕುಡಿಯೋಣವೆಂದರೂ ಕೇಳದೆ, ಒಬ್ಬಳೇ ಮೊಸಳೆಯ ಹೊಂಡದ ಕಡೆ ಹೋಗಿ ಅದರ ಸುತ್ತಲಿನ ಕಬ್ಬಿಣದ ಕಟಾಂಜನ ಹಿಡಿದು ನಿಂತಳು.

ಸ್ವಲ್ಪ ಹೊತ್ತಿಗೆ ಮಗ ಬಂದು ಬಾಜೂಕೆ ನಿಂತ. ಇಬ್ಬರೂ ಕೆಸರಿನಲ್ಲಿ ಬಿದ್ದ ಮೊಸಳೆಯನ್ನು ನೋಡಿದರು.

"ನಿನ್ನ ರೊಟ್ಟಿ ಹಂಚು ಅಟ್ಟದ ಮ್ಯಾಲ ಐತಿ," ಎಂದ ಅವನು. "ಇಳಿಸಿ ಕೊಡ್ತೇನಿ."

ಕಟಾಂಜನದ ಮೇಲೆ ಮಲ್ಲಕ್ಕನ ಅಂಗೈ ರೊಟ್ಟಿ ತಟ್ಟುವ ಹಾಗೆ ಮೆಲ್ಲಗೆ ಬಡಿಯುತ್ತಿತ್ತು.