ಬಳ್ಳಿಗೊಂದು ಕೋಟು

ಟೈಲರಮ್ಮ ಅಂಗಡಿ ಬದಲಾಯಿಸಬೇಕಾಗಿ ಬಂದದ್ದು ಚಳಿಗಾಲದ ನಟ್ಟನಡುವೆ. ಹಳೆಯ ಕಟ್ಟಡದ ಛಾವಣಿ ಬಿಚ್ಚಬೇಕು, ಬೇಗ ಖಾಲಿ ಮಾಡಿ ಎಂದು ಮಾಲೀಕರು ಹೇಳಿಕಳಿಸಿದ್ದರು. ಹೊಲಿಗೆಯಂತ್ರ, ಬಟ್ಟೆ ಕತ್ತರಿಸುವ ಮೇಜು, ಬೀರು ಇವುಗಳ ಬಗ್ಗೆ ಅವಳಿಗೆ ಯೋಚನೆ ಇರಲಿಲ್ಲ. ಯೋಚನೆಯೆಲ್ಲ ಗೋಡೆಯ ಮೇಲಿದ್ದ ಮನಿಪ್ಲಾಂಟಿನದು.

ಹನ್ನೆರಡು ವರ್ಷದ ಹಿಂದೆ ಗಿರಾಕಿಯೊಬ್ಬರು ಗಾಜಿನ ಲೋಟದಲ್ಲಿಟ್ಟು ಕೊಟ್ಟ ಗೇಣುದ್ದದ ತುಂಡು ಅದು. ಈಗ ಕುಂಡದಿಂದ ಹೊರಟು ಗೋಡೆಗೆ ಬೇರೂರಿಕೊಂಡು ಮೇಲೇರಿ, ಬಾಗಿಲ ನೆತ್ತಿ ದಾಟಿ ಛಾವಣಿಯ ಮೂಲೆ ಮುಟ್ಟಿತ್ತು. ಮೇಲೆ ಹೋದಷ್ಟೂ ಎಲೆ ದೊಡ್ಡದು. ತುದಿಯವು ಊಟದ ತಟ್ಟೆಯಷ್ಟು ಅಗಲ. ಅದೇ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ನಾದಿನಿ, ಇಷ್ಟುದ್ದದ್ದನ್ನು ಹೊತ್ತುಕೊಂಡು ಹೋಗುವುದು ಯಾರ ಕೈಲಾಗುತ್ತದೆ, ಒಂದು ತುಂಡು ಕತ್ತರಿಸಿ ಒಯ್ದರೆ ಸಾಲದೇ ಎಂದಳು. ಟೈಲರಮ್ಮ ಟೇಪು ಹಿಡಿದು ಬಳ್ಳಿಯ ಅಳತೆ ತೆಗೆದುಕೊಂಡಳು.

ಎರಡು ದಿನ ಕೂತು, ಉಳಿದ ಲೈನಿಂಗ್ ಬಟ್ಟೆಯ ನಡುವೆ ಹತ್ತಿ ತುಂಬಿ, ಉದ್ದಕ್ಕೂ ಗುಂಡಿ ಹಾಕುವ ಹಾಗೆ ಒಂದು ತೋಳು ಹೊಲಿದಳು. ಸಾಗಿಸುವ ದಿನ ಬಿಸಿಲು ಏರಿದ ಮೇಲೆ, ಗೋಡೆಗೆ ಕಚ್ಚಿಕೊಂಡಿದ್ದ ಬೇರುಗಳನ್ನು ಮೊಂಡು ಚಾಕುವಿನಿಂದ ಬಿಡಿಸಿ, ಬಳ್ಳಿಗೆ ಆ ತೋಳು ತೊಡಿಸಿ, ಸುರುಳಿ ಸುತ್ತಿದಳು. ಗಾಡಿಯವನು ಅದನ್ನು ಹಿಂದೆ ಮುಂದೆ ನೋಡಿ, ನಗದೆ ಕೇಳಿದ:

"ಕಾಲರ್ ಇಡಲಿಲ್ವಾ ಅಮ್ಮ?"

"ಕತ್ತು ಎಲ್ಲಿದೆ ಅಂತ ತೋರಿಸಪ್ಪ, ಇಡ್ತೀನಿ."

ಹೊಸ ಅಂಗಡಿ ನಾಲ್ಕು ಬೀದಿ ಆಚೆ. ನಾದಿನಿಯ ಇಸ್ತ್ರಿ ಮೇಜೂ ಅಲ್ಲಿಗೇ ಬಂತು. ಕುಂಡವನ್ನು ಕಿಟಕಿಯ ಪಕ್ಕ ಇಟ್ಟು, ತೋಳು ಬಿಚ್ಚಿ, ಗೋಡೆಗೆ ಮೊಳೆ ಹೊಡೆದು, ಬಟ್ಟೆಯ ಪಟ್ಟಿಗಳಿಂದ ಬಳ್ಳಿಯನ್ನು ಸಡಿಲವಾಗಿ ಕಟ್ಟಿದಳು. ನಾಲ್ಕು ದಿನ ಚೆನ್ನಾಗಿಯೇ ಇತ್ತು. ಐದನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ದೊಡ್ಡ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿದ್ದವು.

ತಪ್ಪು ತನ್ನದೇ ಎಂದುಕೊಂಡಳು. ತೋಳಿಗೆ ತುಂಬಿದ ಹತ್ತಿ ತೆಳ್ಳಗಾಯಿತು, ಬರುವಾಗ ಗಾಡಿಯನ್ನು ತಿರುವಿನಲ್ಲಿ ಅಷ್ಟು ಹೊತ್ತು ಚಳಿಯಲ್ಲಿ ನಿಲ್ಲಿಸಬಾರದಿತ್ತು, ನನಗೇ ಬುದ್ಧಿ ಇರಲಿಲ್ಲ ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡಳು. ನಾದಿನಿ ತಲೆ ಬಗ್ಗಿಸಿ ಅಂಗಿಯ ತೋಳು ತೀಡುತ್ತಿದ್ದಳು. ದಿನದಿನಕ್ಕೆ ಇನ್ನಷ್ಟು ಎಲೆ ಬಿದ್ದವು.

ಹತ್ತು ದಿನ ಕಳೆದ ಮೇಲೆ ಪಾರ್ಕಜ್ಜ ಬಂದರು. ಊರಿನ ಪಾರ್ಕಿನ ಗಾಜಿನ ಮನೆಯಲ್ಲಿ ಮೂವತ್ತು ವರ್ಷ ಗಿಡ ನೋಡಿಕೊಂಡು ನಿವೃತ್ತರಾದವರು. ಕೋಟಿನ ಜೇಬು ಹರಿದು ಬೀಗದ ಕೈ ಒಳಗೆಲ್ಲೋ ಜಾರಿಹೋಗಿತ್ತು. ಜೇಬಿನ ವಿಷಯ ಅರ್ಧಕ್ಕೇ ಬಿಟ್ಟು ಅವರು ಗೋಡೆಯ ಹತ್ತಿರ ನಡೆದರು. ಟೈಲರಮ್ಮ ಬಳ್ಳಿಗೆ ಹೊಲಿದ ಕೋಟಿನ ಕತೆ, ಗಾಡಿಯ ಕತೆ ಎಲ್ಲ ಹೇಳಿದಳು. ಎಲೆ ಕಪ್ಪಾದದ್ದು ಎಷ್ಟನೇ ದಿನ ಎಂದು ಅವರು ಎರಡು ಸಲ ಕೇಳಿದರು.

ಗಾಡಿಯಲ್ಲಿ ಚಳಿ ತಾಕಿದ್ದರೆ ಮಾರನೆಯ ದಿನವೋ ಅದರ ಮಾರನೆಯ ದಿನವೋ ಗೊತ್ತಾಗುತ್ತಿತ್ತು, ಐದನೇ ದಿನದವರೆಗೆ ಕಾಯುತ್ತಿರಲಿಲ್ಲ ಎಂದರು ಅಜ್ಜ. ಬಿಸಿಲು ನಾಡಿನ ಕಾಡಿನಲ್ಲಿ ಮರ ಹತ್ತುವ ಜಾತಿ ಇದು. ಹತ್ತು ಡಿಗ್ರಿಗಿಂತ ಕೆಳಗೆ ಇಳಿದರೆ ತಡೆಯುವುದಿಲ್ಲ. ಇದಕ್ಕೆ ಇಲ್ಲಿಗೆ ಬಂದ ಮೇಲೇ ಒಂದಿಡೀ ರಾತ್ರಿ ತಣ್ಣನೆ ಗಾಳಿ ಹೊಡೆದಿದೆ. ಹಾಗೆ ಹೇಳುತ್ತಲೇ ಕುಂಡದ ಮಣ್ಣಿಗೆ ಬೆರಳಿಟ್ಟು ಮೂಸಿದರು.

"ನೀರು ಯಾವಾಗ ಹಾಕಿದ್ದಮ್ಮ?"

"ಇಲ್ಲಿಗೆ ಬಂದ ದಿನ. ಆಮೇಲೆ ಮುಟ್ಟಿಲ್ಲ ಅಜ್ಜ."

"ಇದು ಗದ್ದೆ ಆಗಿದೆಯಲ್ಲ. ಚಳಿಗೆ ಬೇರು ನೀರು ಕುಡಿಯೋದೇ ಕಮ್ಮಿ. ಯಾರು ಹಾಕ್ತಿದ್ದಾರೆ?"

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

"ನಾನು ಅತ್ತಿಗೆ," ಎಂದಳು ನಾದಿನಿ. "ಹೇಗಾದ್ರೂ ಬದುಕಲಿ ಅಂತ ಬಿಸಿನೀರು ಬೆರೆಸಿ, ಉಗುರುಬೆಚ್ಚಗೆ ಮಾಡಿ ದಿನಾ ಹಾಕ್ತಿದ್ದೆ. ಕಿಟಕಿ ತೆಗೆದಿಟ್ಟವಳೂ ನಾನೇ."

ಬಂದ ನಾಲ್ಕನೆಯ ದಿನ ಸಂಜೆ ಒಬ್ಬರ ಬಿಳಿ ಅಂಗಿ ಸುಟ್ಟಿತ್ತು. ವಾಸನೆ ಹೋಗಲಿ ಎಂದು ಕಿಟಕಿ ತೆರೆದವಳು ಮುಚ್ಚಲು ಮರೆತು ಬೀಗ ಹಾಕಿಕೊಂಡು ಹೋಗಿದ್ದಳು. ಬೆಳಿಗ್ಗೆ ಅತ್ತಿಗೆಗಿಂತ ಮೊದಲೇ ಬಂದು ಮುಚ್ಚಿದಳು. ಆಗ ಹೇಳಲು ಬಾಯಿ ಬರಲಿಲ್ಲ; ಮಧ್ಯಾಹ್ನದ ಹೊತ್ತಿಗೆ ಇನ್ನೂ ಕಷ್ಟವಾಯಿತು.

ಟೈಲರಮ್ಮ ಕೈಯಲ್ಲಿದ್ದ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿದಳು.

"ಕಿಟಕಿ ಯಾರು ಬೇಕಾದ್ರೂ ಮರೀತಾರೆ. ಹತ್ತು ದಿನ ನನ್ನನ್ನು ನಾನೇ ಬೈದುಕೊಂಡೆನಲ್ಲ, ಅದನ್ನ ಕೇಳಿಸಿಕೊಂಡು ಕೂತಿದ್ದೆಯಲ್ಲ ನೀನು."

ನಾದಿನಿಯ ಕಣ್ಣು ತುಂಬಿತು. ಅಜ್ಜ ತಮಗೇನೂ ಕೇಳಿಸಲಿಲ್ಲವೆಂಬಂತೆ ಕೋಟು ಕಳಚಿ, ಹಳೆ ಕಾಗದವಿದ್ದರೆ ಹಾಸಿ ಎಂದರು.

ಇಸ್ತ್ರಿ ಮೇಜಿನ ಮೇಲೆ ಕಾಗದ ಹಾಸಿ ಕುಂಡ ಮಗುಚಿದರು. ಕೊಳೆತು ಮೆತ್ತಗಾದ ಬೇರುಗಳನ್ನು ಅಜ್ಜ ಕತ್ತರಿಸಿ ತೆಗೆದರು. ಒಣ ಮಣ್ಣಿಗೆ ಮರಳು ಬೆರೆಸಿ, ಗಟ್ಟಿಯಾಗಿ ಬೆಳ್ಳಗಿದ್ದವನ್ನು ಚಿಕ್ಕ ಕುಂಡದಲ್ಲಿ ಕೂರಿಸಿದರು. ಕಾಂಡವನ್ನು ಉಗುರಿನಿಂದ ಅಲ್ಲಲ್ಲಿ ಕೆರೆದು ನೋಡಿದರು. ಮೇಲಿನ ಮುಕ್ಕಾಲು ಪಾಲು ಕಂದು, ಬುಡದ ಕಡೆ ಒಂದು ಮಾರಿನಷ್ಟು ಹಸಿರು. ಮೆತ್ತಗಾದದ್ದನ್ನು ಈಗಲೇ ತೆಗೆಯಿರಿ, ಅನುಮಾನ ಇದ್ದ ಕಡೆ ಕತ್ತರಿ ಹಾಕಬೇಡಿ, ಸೆಕೆ ಶುರುವಾಗುವವರೆಗೆ ಗೊಬ್ಬರದ ಹೆಸರೆತ್ತಬೇಡಿ ಎಂದರು. ಬೆಳಕು ಬೇಕು, ಆದರೆ ಗಾಜಿನಿಂದ ಎರಡು ಹೆಜ್ಜೆ ದೂರ. ಮೇಲಿನ ಮಣ್ಣು ಎರಡು ಬೆರಳಿನಷ್ಟು ಒಣಗಿದ ಮೇಲೆ ಒಂದು ಲೋಟ ನೀರು.

"ಪ್ರೀತಿ ಜಾಸ್ತಿಯಾದ್ರೆ ಇದು ಮುಳುಗಿ ಸಾಯುತ್ತೆ," ಎಂದರು ನಾದಿನಿಯ ಕಡೆ ನೋಡಿ. ಅವಳು ಅಳುವಿನ ನಡುವೆಯೇ ನಕ್ಕಳು. ಟೈಲರಮ್ಮ ನಗಲಿಲ್ಲ.

ಎರಡು ದಿನ ಅಂಗಡಿಯಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಮೂರನೆಯ ದಿನ ಟೈಲರಮ್ಮ, ಸುಟ್ಟ ಆ ಅಂಗಿ ಏನಾಯಿತು ಎಂದು ವಿಚಾರಿಸಿದಳು. ಗಿರಾಕಿಗೆ ಇನ್ನೂ ಹೇಳಿಲ್ಲ, ಇವತ್ತು ನಾಳೆ ಎಂದು ಮುಂದೂಡುತ್ತಿದ್ದೇನೆ ಎಂದು ನಾದಿನಿ ಒಪ್ಪಿಕೊಂಡಳು. ಅಂಗಿ ತರಿಸಿ ನೋಡಿದರೆ ಕಲೆ ಇದ್ದದ್ದು ಕಾಲರಿನ ಒಳಮಗ್ಗುಲಲ್ಲಿ. ಟೈಲರಮ್ಮ ಕಾಲರು ಬಿಚ್ಚಿ, ಹೊಸ ಬಟ್ಟೆ ಇಟ್ಟು ಹೊಲಿದಳು. ಗಿರಾಕಿ ಬಂದಾಗ ನಾದಿನಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕಾಲರನ್ನು ತಿರುಗಿಸಿ ತಿರುಗಿಸಿ ನೋಡಿ, ಮೊದಲಿಗಿಂತ ಇದೇ ಚೆನ್ನಾಗಿ ಕೂತಿದೆ ಎಂದು ಹೋದರು.

ಬಳ್ಳಿ ಎರಡು ತಿಂಗಳು ಬರೀ ಕಡ್ಡಿಯಾಗಿ ನಿಂತಿತ್ತು. ಸೆಕೆ ಶುರುವಾದ ಮೇಲೆ, ಬುಡದಿಂದ ಮೂರನೆಯ ಗಿಣ್ಣಿನಲ್ಲಿ ಸುರುಳಿ ಸುತ್ತಿದ ಒಂದು ಚಿಗುರು ಕಂಡಿತು. ಬಿಚ್ಚಿಕೊಂಡಾಗ ಎಲೆ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ತಟ್ಟೆಯಗಲದ ಎಲೆ ಮತ್ತೆ ನೋಡಬೇಕಾದರೆ ಏಳೆಂಟು ವರ್ಷವಾದರೂ ಬೇಕು ಎಂದು ಟೈಲರಮ್ಮ ಲೆಕ್ಕ ಹಾಕಿದಳು. ಆಗಲಿ ಅತ್ತಿಗೆ, ನಾವೇನು ಎಲ್ಲಿಗೂ ಹೋಗ್ತಿಲ್ಲವಲ್ಲ ಎಂದಳು ನಾದಿನಿ. ಟೈಲರಮ್ಮ ಟೇಪು ತೆಗೆದು ಆ ಪುಟ್ಟ ಎಲೆಗೂ ಅಳತೆ ಹಿಡಿದಳು. ಬಾಗಿಲಿಗೆ ಯಾರೋ ಅಳತೆ ಕೊಡಲು ಬಂದರು.